ಕೊರವ ಮೀನಿಗೂ ಬಾಳೆ ಮೀನಿಗೂ ಒಂದೇ ಲೀಡರ್ ಸಾಲದು: ಮೂರು ತರದ್ದು ಬಳಸಿ ನೋಡಿದೆ

ಗಾಳದ ದಾರಕ್ಕೂ ಕೊಕ್ಕೆಗೂ ನಡುವೆ ಕಟ್ಟುವ ಗಟ್ಟಿ ತುಂಡಿಗೆ ಲೀಡರ್ ಅನ್ನುತ್ತಾರೆ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ತೋಟದ ಕೆರೆ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಹಾಕಿ ಹಾಕಿ ನೀರು ಅರ್ಧಕ್ಕೆ ಇಳಿದಿರುತ್ತದೆ, ಆಗ ದಡದ ಹುಲ್ಲಿನ ಹತ್ತಿರ ಕೊರವ ಮೀನು ಚೆನ್ನಾಗಿ ಸಿಗುತ್ತದೆ. ಹೋದ ವರ್ಷ ಅಲ್ಲೇ ರಬ್ಬರ್ ಕಪ್ಪೆ ಎಸೆದು ಕೂತಿದ್ದೆ. ದೊಡ್ಡದೊಂದು ಬಾಯಿ ಹಾಕಿತು, ನಾಲ್ಕು ಸುತ್ತು ರೀಲ್ ಮಾಡಿದೆ, ಆಮೇಲೆ ದಾರ ಹಗುರ. ಎಳೆದು ನೋಡಿದರೆ ಬ್ರೇಡ್ ದಾರದ ತುದಿ ಹತ್ತಿಯ ಹಾಗೆ ಬಿಚ್ಚಿಕೊಂಡಿತ್ತು. ಕಪ್ಪೆಯೂ ಕೊಕ್ಕೆಯೂ ಮೀನಿನ ಬಾಯಲ್ಲೇ ಹೋಯಿತು. ಕಪ್ಪೆ ಹೋದದ್ದಕ್ಕಿಂತ ಆ ಮೀನು ಬಾಯಲ್ಲಿ ಎರಡು ಕೊಕ್ಕೆ ಹೊತ್ತು ಓಡಾಡುತ್ತದಲ್ಲ ಅಂತ ಬೇಜಾರಾಯಿತು.

ದಾರ 30 ಪೌಂಡಿನದು. ಅಂದರೆ ಹದಿಮೂರು ಕೆಜಿಗೂ ಜಾಸ್ತಿ ತಡೆಯಬೇಕು. ಎರಡು ಕೆಜಿ ಮೀನು ಅದನ್ನು ಹೇಗೆ ಕಡಿಯಿತು? ಡಬ್ಬಿಯ ಮೇಲೆ ಬರೆದಿರುವ ಲೆಕ್ಕ ಎಳೆತಕ್ಕೆ ಮಾತ್ರ, ಹಲ್ಲಿಗಲ್ಲ. ಬ್ರೇಡ್ ಅಂದರೆ ಕೂದಲಿಗಿಂತ ಸಣ್ಣ ಎಳೆಗಳನ್ನು ಹೆಣೆದದ್ದು, ಒಂದೊಂದೇ ಎಳೆ ಉಜ್ಜಿ ಹೋದರೆ ಕೊನೆಗೆ ಏನೂ ಉಳಿಯುವುದಿಲ್ಲ. ಹಾಗಂತ ಬ್ರೇಡ್ ಬಿಡಬೇಡಿ. ಅದು ಹಿಗ್ಗುವುದಿಲ್ಲ, ಹುಲ್ಲಿನ ಮಧ್ಯೆ ಮೀನು ಕಚ್ಚಿದ ತಕ್ಷಣ ಕೊಕ್ಕೆ ಕೂರುತ್ತದೆ. ಬರಿ ನೈಲಾನ್ ಹಾಕಿದರೆ ಹಿಗ್ಗಿ ಹಿಗ್ಗಿ ಮೀನು ಕಳೆಯ ಒಳಗೆ ನುಗ್ಗಿಬಿಡುತ್ತದೆ. ತುದಿಗೆ ಬೇರೆ ಏನಾದರೂ ಕಟ್ಟಬೇಕು ಅಷ್ಟೇ.

ಮೊದಲು ತಂದದ್ದು 40 ಪೌಂಡಿನ ಫ್ಲೋರೋಕಾರ್ಬನ್, ಅಂದರೆ ಒಂಟಿ ಎಳೆಯ ಪ್ಲಾಸ್ಟಿಕ್ ದಾರ. ಕೊರವಕ್ಕೆ ನನ್ನ ಓಟು ಇದಕ್ಕೇ. ಗಟ್ಟಿ, ನುಣುಪು, ನೀರಲ್ಲಿ ಕಮ್ಮಿ ಕಾಣುತ್ತದೆ. ನೀರಲ್ಲಿ ಮುಳುಗುತ್ತದೆ, ಅದಕ್ಕೆ ಒಂದು ಅಡಿಗಿಂತ ಉದ್ದ ಕಟ್ಟಬೇಡಿ, ಕಟ್ಟಿದರೆ ಕಪ್ಪೆಯ ಮೂತಿ ಕೆಳಗೆ ಜಗ್ಗುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿ ಬಿಸಿಯಾಗಿ ಗಂಟಿನ ಹತ್ತಿರವೇ ಸೋಲುತ್ತದೆ. ಪ್ರತಿ ಮೀನು ಆದಮೇಲೆ ಕೊನೆಯ ಒಂದು ಗೇಣನ್ನು ಉಗುರಿನ ನಡುವೆ ಎಳೆದು ನೋಡುತ್ತೇನೆ. ತರಿತರಿ ಅಂತ ತಾಗಿದರೆ ಆ ತುಂಡು ಕತ್ತರಿಸಿ ಹೊಸ ಗಂಟು.

ಎರಡನೆಯದು ಪ್ಲಾಸ್ಟಿಕ್ ಹೊದಿಕೆಯ ಏಳು ಎಳೆ ಸ್ಟೀಲ್ ವೈರ್. ಇದು ನನಗೆ ಇಷ್ಟವಾಗಲಿಲ್ಲ. ಎರಡನೇ ಮೀನಿಗೇ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತು. ಒಮ್ಮೆ ಮಡಚಿದ ಜಾಗ ಆಮೇಲೆ ನೇರವಾಗುವುದಿಲ್ಲ, ಮುಂದಿನ ಸಲ ಅಲ್ಲೇ ತುಂಡಾಗುತ್ತದೆ. ಪೊಟ್ಟಣದಲ್ಲಿ ಬಂದಿದ್ದ ಸ್ನ್ಯಾಪ್, ಅಂದರೆ ಕೊಕ್ಕೆ ಸಿಕ್ಕಿಸುವ ಕ್ಲಿಪ್ ಅಂತೂ ಕೈಯಲ್ಲಿ ಎಳೆದರೇ ಬಾಯಿ ತೆರೆಯುತ್ತಿತ್ತು. ಅಂಗಡಿಯಲ್ಲಿ ಕೇಳಿದೆ, ವಾಪಸ್ ತಗೊಳ್ಳಲ್ಲ ಅಂದರು. ನೀವು ಕೊಳ್ಳುವಾಗ ವೈರ್ ನೋಡುವ ಮೊದಲು ಸ್ನ್ಯಾಪ್ ಎಳೆದು ನೋಡಿ. ಸ್ಟೀಲೇ ಬೇಕೆಂದರೆ 49 ಎಳೆಯದು ಸಿಗುತ್ತದೆ, ಮೆತ್ತಗೆ ಬಾಗುತ್ತದೆ.

ಮೂರನೆಯದು ಟೈಟಾನಿಯಂ. ದುಬಾರಿ, ಆದರೆ ಸುಳ್ಳು ಹೇಳಲ್ಲ, ಬೆರಳಿಗೆ ಸುತ್ತಿ ಬಿಟ್ಟರೂ ಮತ್ತೆ ನೇರ ನಿಲ್ಲುತ್ತದೆ. ಒಂದೇ ತುಂಡು ನನಗೆ ಇಡೀ ಸೀಸನ್ ಬಂತು. ಇದನ್ನು ಬಾಳೆ ಮೀನಿಗೆ ಇಟ್ಟುಕೊಂಡಿದ್ದೇನೆ. ಬಾಳೆಯ ಬಾಯಿ ಕಣ್ಣು ದಾಟಿ ಹಿಂದಕ್ಕೆ ಸೀಳಿರುತ್ತದೆ, ಒಳಗೆ ಅರದ ಹಾಗೆ ಸಾಲು ಸಾಲು ಸಣ್ಣ ಹಲ್ಲು. ಲೀಡರ್ ಚಿಕ್ಕದಾದರೆ ಪೂರ್ತಿ ಬಾಯೊಳಗೆ ಹೋಗುತ್ತದೆ, ಹಾಗಾಗಿ ಒಂದೂವರೆ ಅಡಿ ಉದ್ದ ಬೇಕು. ಕೊಕ್ಕೆ ತೆಗೆಯಲು ಉದ್ದ ಮೂತಿಯ ಇಕ್ಕಳ ಇಟ್ಟುಕೊಳ್ಳಿ, ಬೆರಳು ಹಾಕಬೇಡಿ. ಬಾಳೆ ಈಗ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ, ಸಿಕ್ಕರೆ ವಾಪಸ್ ಬಿಟ್ಟುಬಿಡಿ.

ಯೂಟ್ಯೂಬ್ ನೋಡಿ ಎಲ್ಲದಕ್ಕೂ ವೈರ್ ಕಟ್ಟುವವರು ಸುಮಾರು ಜನ ಇದ್ದಾರೆ. ಆ ವಿಡಿಯೋಗಳಲ್ಲಿರುವುದು ಹೊರದೇಶದ ಪೈಕ್ ಮೀನು. ಅದರ ಹಲ್ಲು ಬ್ಲೇಡ್ ತರ, ಅದಕ್ಕೆ ವೈರ್ ಬೇಕೇ ಬೇಕು. ಕಾವೇರಿಯ ಮಹಶೀರ್ ಮೀನಿಗೆ ದವಡೆಯಲ್ಲಿ ಹಲ್ಲೇ ಇಲ್ಲ, ಇರುವುದು ಗಂಟಲಲ್ಲಿ. ಹೊಳೆಯಲ್ಲಿ ದಾರ ಕಡಿಯುವುದು ಜಾಸ್ತಿ ಬಂಡೆ, ಅಲ್ವಾ? ಮಹಶೀರ್ ಹಿಡಿಯುವುದಕ್ಕೆ ಅನುಮತಿ ಬೇಕು, ಹಿಡಿದರೂ ಬಿಡಲೇಬೇಕು.

ಈ ಸಲ ಹೂಮಳೆಗೆ ಮುಂಚೆ ಕೆರೆಗೆ ಹೋದಾಗ ಬ್ರೇಡ್‌ಗೆ ಒಂದು ಅಡಿ ಫ್ಲೋರೋಕಾರ್ಬನ್ ಕಟ್ಟಿದ್ದೆ. ಐದು ಕೊರವ ಕಚ್ಚಿದವು. ಎರಡು ಸಲ ತುದಿ ಕತ್ತರಿಸಿ ಮತ್ತೆ ಕಟ್ಟಿದೆ, ಒಂದು ಕೊಕ್ಕೆಯೂ ಮೀನಿನ ಬಾಯಲ್ಲಿ ಉಳಿಯಲಿಲ್ಲ.