ಡಾಂಗಲ್ಲೋ ಡಬ್ಬಿಯೋ: ಸಣ್ಣ ದೋಣಿಗೆ ಅಗ್ಗದ ಎಐಎಸ್ ರಿಸೀವರ್

ಎಐಎಸ್ ಅಂದರೆ ಹಡಗುಗಳು ತಾವು ಯಾರು, ಎಲ್ಲಿದ್ದೇವೆ ಎಂದು ರೇಡಿಯೊದಲ್ಲಿ ತಾವೇ ಸಾರುವ ವ್ಯವಸ್ಥೆ. ಮೊದಲೇ ಹೇಳಿಬಿಡುತ್ತೇನೆ: ಮನೆ ಮೈಸೂರಲ್ಲಿ, ದೋಣಿ ಪಣಂಬೂರಲ್ಲೋ ಮಲ್ಪೆಯಲ್ಲೋ ಅನ್ನುವವರಿಗೆ ನನ್ನ ಓಟು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ಲಿಗೆ, ಅಂದರೆ ಸಾಫ್ಟ್‌ವೇರಿನಲ್ಲೇ ಆವರ್ತನ ಬದಲಿಸಬಹುದಾದ ಯುಎಸ್‌ಬಿ ರೇಡಿಯೊ ರಿಸೀವರಿಗೆ. ಡೈಸಿ ಥರದ, ಎಐಎಸ್ ಬಿಟ್ಟು ಬೇರೇನೂ ಕೇಳಿಸಿಕೊಳ್ಳದ ರೆಡಿಮೇಡ್ ಡಬ್ಬಿ ಕೆಟ್ಟದ್ದಲ್ಲ. ಆದರೆ ಬೆಲೆ ಹೆಚ್ಚು, ಮೇಲಾಗಿ ಮೈಸೂರಿನಲ್ಲಿ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದೇ ಕಷ್ಟ. ಎಐಎಸ್ ಇರುವುದು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಹೆಚ್ಚೂಕಮ್ಮಿ ನೇರ ದೃಷ್ಟಿ ಹರಿಯುವಷ್ಟೇ ದೂರ. ಘಟ್ಟದ ಈಚೆ ಚಾಮುಂಡಿ ಬೆಟ್ಟ ಹತ್ತಿ ಕೂತರೂ ಹಡಗಿನ ಸುದ್ದಿ ಬಾರದು. ಡಾಂಗಲ್ಲಾದರೆ 1090 ಮೆಗಾಹರ್ಟ್ಸ್‌ಗೆ ತಿರುಗಿಸಿ ತಲೆಮೇಲೆ ಹೋಗುವ ವಿಮಾನಗಳನ್ನು ಹಿಡಿದು, ಯುಎಸ್‌ಬಿ, ಸಾಫ್ಟ್‌ವೇರ್ ಎಲ್ಲಾ ಸರಿ ಇದೆ ಎಂದು ಖಾತ್ರಿ ಮಾಡಿಕೊಳ್ಳಬಹುದು.

ಡಾಂಗಲ್ ಕೊಳ್ಳುವಾಗ ಟಿಸಿಎಕ್ಸ್‌ಒ (ಬಿಸಿಯೇರಿದರೂ ಆವರ್ತನ ಅಷ್ಟಾಗಿ ಜಾರದ ಹರಳು) ಇರುವುದನ್ನೇ ಕೊಳ್ಳಿ. ಅಗ್ಗದ ಹರಳಿನ ಡಾಂಗಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ಆಚೀಚೆ ಇದ್ದರೆ 162 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 8 ಕಿಲೋಹರ್ಟ್ಸ್ ತಪ್ಪು. ಚಾನೆಲ್ಲಿನ ಅಗಲವೇ 25. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಯೇರಿದಂತೆ ಆ ತಪ್ಪು ಜಾರುತ್ತಲೂ ಇರುತ್ತದೆ. 1 ಪಿಪಿಎಂ ಡಾಂಗಲ್ಲಿಗೆ ಈ ತಲೆನೋವಿಲ್ಲ.

ನಿಜವಾದ ಕಾಟ ಬೇರೆ: 12 ವೋಲ್ಟನ್ನು 5ಕ್ಕೆ ಇಳಿಸುವ ಆ ಚಿಕ್ಕ ಬಕ್ ಕನ್ವರ್ಟರ್. ಪವರ್ ಬ್ಯಾಂಕಿನಲ್ಲಿ ನಡೆಸಿದಾಗ ಹೊರಗೆ ಲಂಗರು ಹಾಕಿದ ಹಡಗುಗಳೆಲ್ಲ ಪರದೆ ಮೇಲೆ ಬರುತ್ತವೆ. ಅದೇ ಸೆಟ್ಟನ್ನು ದೋಣಿಯ ಬ್ಯಾಟರಿಗೆ ಜೋಡಿಸಿದರೆ ಹತ್ತಿರದ ಒಂದೆರಡು ಮಾತ್ರ ಉಳಿಯುತ್ತವೆ. ಜನ ಆಂಟೆನಾವನ್ನು ಬೈಯುತ್ತಾರೆ, ಅದರ ತಪ್ಪೇನೂ ಇರುವುದಿಲ್ಲ. ಕನ್ವರ್ಟರ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತದೆ. ಅದರ ಹಾರ್ಮೋನಿಕ್‌ಗಳು (ಆ ಆವರ್ತನದ ಎರಡರಷ್ಟು, ಮೂರರಷ್ಟು ಹೀಗೆ ಹುಟ್ಟುವ ಅಲೆಗಳು) 162 ಮೆಗಾಹರ್ಟ್ಸ್‌ವರೆಗೂ ಏರಿ, ಪವರ್ ವೈರನ್ನೇ ಆಂಟೆನಾ ಮಾಡಿಕೊಂಡು ಹರಡುತ್ತವೆ. ಸೋಲಾರ್ ಚಾರ್ಜ್ ಕಂಟ್ರೋಲರ್, ಅಗ್ಗದ ಎಲ್‌ಇಡಿ ದೀಪಗಳದ್ದೂ ಇದೇ ಹಾಡು.

ಈ ಗದ್ದಲ ಡಬ್ಬಿಯನ್ನೂ ಬಿಡುವುದಿಲ್ಲ. ಆದರೆ ಡಬ್ಬಿ ಸುಮ್ಮನೆ ಮೌನವಾಗುತ್ತದೆ, ಕಾರಣ ಹೇಳುವುದಿಲ್ಲ. ಡಾಂಗಲ್ಲಿನಲ್ಲಿ ವಾಟರ್‌ಫಾಲ್ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಎಂದು ತೋರಿಸುವ ಚಿತ್ರ) ತೆರೆದರೆ ಬಾಚಣಿಗೆಯ ಹಲ್ಲಿನಂತೆ ಸಮದೂರದ ಗೆರೆಗಳು ಕಣ್ಣಿಗೇ ಕಾಣುತ್ತವೆ. ಒಂದೊಂದೇ ಉಪಕರಣ ಆಫ್ ಮಾಡುತ್ತಾ ಬನ್ನಿ. ಯಾವುದನ್ನು ಆಫ್ ಮಾಡಿದಾಗ ಗೆರೆ ಮಾಯವಾಯಿತೋ ಅದೇ ಕಳ್ಳ. ಈ ಕೆಲಸಕ್ಕೆ ಕರಾವಳಿಯವರೆಗೆ ಹೋಗಬೇಕಿಲ್ಲ. ದೋಣಿಗೆ ಹಾಕುವ ಬ್ಯಾಟರಿ, ಕನ್ವರ್ಟರ್, ದೀಪಗಳನ್ನು ಮೈಸೂರಿನ ಮನೆಯ ಟೆರೇಸಿನಲ್ಲೇ ಜೋಡಿಸಿ ನೋಡಿ. ಹಡಗಿನ ಸಿಗ್ನಲ್ ಒಂದೂ ಇಲ್ಲದ ಊರು ಗದ್ದಲ ಹುಡುಕಲು ಇನ್ನೂ ಅನುಕೂಲ.

ಪರಿಹಾರ: ಡಾಂಗಲ್ಲನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ನೇರವಾಗಿ ಚುಚ್ಚಬೇಡಿ, ಶೀಲ್ಡ್ ಇರುವ ಒಂದು ಮೀಟರ್ ಯುಎಸ್‌ಬಿ ಕೇಬಲ್ ಹಾಕಿ, ಅದನ್ನು ಫೆರೈಟ್ ರಿಂಗಿನ (ಗದ್ದಲ ತಡೆಯುವ ಕಾಂತೀಯ ಉಂಗುರ) ಮೇಲೆ ಐದಾರು ಸುತ್ತು ಸುತ್ತಿ. ಕನ್ವರ್ಟರಿನ ಇನ್‌ಪುಟ್ ಮತ್ತು ಔಟ್‌ಪುಟ್ ವೈರುಗಳಿಗೂ ಹೀಗೇ. ಎರಡು ವೈರನ್ನೂ ಒಟ್ಟಿಗೇ ಸುತ್ತಬೇಕು, ಒಂದನ್ನೇ ಸುತ್ತಿದರೆ ಪ್ರಯೋಜನ ಕಡಿಮೆ. ಕನ್ವರ್ಟರ್ ಲೋಹದ ಪೆಟ್ಟಿಗೆಯೊಳಗಿರಲಿ. ಕೊನೆಗೆ ಆಟೋ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕೆಂದು ಡಾಂಗಲ್ ತಾನೇ ನಿರ್ಧರಿಸುವುದು) ತೆಗೆದು 33ರಿಂದ 38 ಡಿಬಿ ನಡುವೆ ಇಟ್ಟು ನೋಡಿ. ಗೇನ್ ಏರಿಸಿದರೆ ಹಡಗು ಹೆಚ್ಚುತ್ತದೆ ಅನ್ನುವುದು ಭ್ರಮೆ. ಎಷ್ಟೋ ಸಲ ಗದ್ದಲವಷ್ಟೇ ಹೆಚ್ಚುತ್ತದೆ.

ಡಾಂಗಲ್, ಡಬ್ಬಿ ಎರಡಕ್ಕೂ ಆಂಟೆನಾ ಒಂದೇ, ನೀವೇ ಮಾಡಿಕೊಳ್ಳಬಹುದು. ಎಸ್‌ಒ-239 ಎಂಬ ಆಂಟೆನಾ ಸಾಕೆಟ್, 12 ಗೇಜ್ ತಾಮ್ರದ ಅರ್ಥಿಂಗ್ ತಂತಿ, ಮೇಲೆ 44 ಸೆಂ.ಮೀ. ಒಂದು, ಕೆಳಗೆ 45 ಡಿಗ್ರಿ ಬಾಗಿಸಿದ 46 ಸೆಂ.ಮೀ. ನಾಲ್ಕು. ಆಂಟೆನಾದಿಂದ ರಿಸೀವರಿಗೆ ಬರುವ ಆರ್‌ಜಿ-58 ಕೇಬಲ್ ಮೀಟರಿಗೆ ಸುಮಾರು 0.2 ಡಿಬಿ ನುಂಗುತ್ತದೆ, 5 ಮೀಟರಿಗೆ ಚಿಂತೆಯಿಲ್ಲ. ಉಪ್ಪುಗಾಳಿ ಒಳಹೊಕ್ಕರೆ ಕೇಬಲ್ಲಿನೊಳಗಿನ ತಾಮ್ರದ ಜಾಲರಿ ಹಸಿರುಗಟ್ಟುತ್ತದೆ. ಕನೆಕ್ಟರಿಗೆ ಸೆಲ್ಫ್-ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ) ಟೇಪ್ ಕಡ್ಡಾಯ. ಆಂಟೆನಾ 3 ಮೀಟರ್ ಎತ್ತರದಲ್ಲಿದ್ದು ಹಡಗಿನದು 25 ಮೀಟರಿದ್ದರೆ 27-28 ಕಿ.ಮೀ. ಸಿಗುತ್ತದೆ. ದೋಣಿಯ ವಿಎಚ್‌ಎಫ್ ರೇಡಿಯೊ ಆಂಟೆನಾಗೇ ಸಾದಾ ಟಿ-ಕನೆಕ್ಟರ್ ಹಾಕಿ ಹಂಚಿಕೊಳ್ಳುವ ಯೋಚನೆ ಬಿಡಿ. ಮೈಕ್ ಒತ್ತಿದರೆ 25 ವ್ಯಾಟ್ ನೇರ ರಿಸೀವರಿಗೆ ಹೋಗಿ ಸುಟ್ಟೀತು.

ಸಾಫ್ಟ್‌ವೇರ್: ಸಿಗ್ನಲ್ ಬಿಡಿಸಲು ಎಐಎಸ್-ಕ್ಯಾಚರ್, ಅದರ ಮಾಹಿತಿ ಯುಡಿಪಿ ಪೋರ್ಟ್ 10110 ಮೂಲಕ ನಕ್ಷೆ ತೋರಿಸುವ ಓಪನ್‌ಸಿಪಿಎನ್‌ಗೆ. ಅರ್ಧ ಗಂಟೆಯ ಕೆಲಸ.

ಹಡಗು ತೋರಿಸುವ ಇಂಟರ್ನೆಟ್ ಆ್ಯಪ್ ಸಾಲದೇ ಅಂದರೆ, ಸಾಲದು. ನೆಟ್‌ವರ್ಕ್ ಹೋದ ಕಡೆ ಅದೂ ಹೋಯಿತು, ಬಂದ ಮಾಹಿತಿಯೂ ಹಳತಿರಬಹುದು.

ಕರೆಂಟಿನಲ್ಲಿ ಮಾತ್ರ ಡಬ್ಬಿಯೇ ಮುಂದು: 0.2 ವ್ಯಾಟ್ ಆಸುಪಾಸು. ಡಾಂಗಲ್, ಪೈ ಜೀರೊ 2 ಡಬ್ಲ್ಯೂ ಸೇರಿ 3 ವ್ಯಾಟ್. 7 ಎಎಚ್ ಬ್ಯಾಟರಿಯನ್ನು ಅರ್ಧದವರೆಗೆ ಬಳಸಿದರೆ ಹನ್ನೆರಡು ಗಂಟೆ ಹತ್ತಿರ ಬರುತ್ತದೆ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ದಡ ಸೇರುವ ನನ್ನಂಥವರಿಗೆ ಧಾರಾಳ. ರಾತ್ರಿಯಿಡೀ ಲಂಗರು ಹಾಕುವವರು ಡಬ್ಬಿ ಕೊಳ್ಳಿ, ಅದರಲ್ಲೂ ಎರಡು ಚಾನೆಲ್ ಒಟ್ಟಿಗೆ ಕೇಳುವುದನ್ನು. ಒಂದೇ ರಿಸೀವರ್ ಇರುವ ಅಗ್ಗದ ಮಾದರಿ ಚಾನೆಲ್ ಬದಲಿಸುತ್ತಾ ಕೂರುತ್ತದೆ. 30 ಸೆಕೆಂಡಿಗೊಮ್ಮೆ ತನ್ನ ಜಾಗ ಹೇಳುವ, ಬಿ ವರ್ಗದ (ಸಣ್ಣ ದೋಣಿಗಳ) ಎಐಎಸ್ ಇರುವ ದೋಣಿ ಆ ನಡುವೆ ತಪ್ಪಿಹೋಗಬಹುದು. ಡಾಂಗಲ್ ಎರಡನ್ನೂ ಒಟ್ಟಿಗೇ ಹಿಡಿಯುತ್ತದೆ. ಎರಡರಲ್ಲಿ ಯಾವುದನ್ನು ಕೊಂಡರೂ ನೀವು ಹಡಗಿಗೆ ಕಾಣುವುದಿಲ್ಲ, ಎರಡೂ ಬರೀ ಕೇಳುವಂಥವು. ಎಐಎಸ್ ಇಲ್ಲದ ಮೀನುಗಾರಿಕೆ ದೋಣಿಗಳು ನಿಮಗೂ ಕಾಣವು. ನಾನು ಉಳಿದ ದುಡ್ಡನ್ನು ಒಳ್ಳೆ ಕೇಬಲ್ಲಿಗೂ ಅರ್ಧ ಡಜನ್ ಫೆರೈಟಿಗೂ ಹಾಕುತ್ತೇನೆ.