4×6 ಬ್ಯಾಂಡ್‌ಸಾಗೆ 13 ಮಿ.ಮೀ. ಬೈಮೆಟಲ್ ಬ್ಲೇಡು: ವರ್ಷಗಟ್ಟಲೆ ಬಳಸಿದ ಮೇಲೆ

ಅಡ್ಡ ಮಲಗಿಸಿಯೂ ನೆಟ್ಟಗೆ ನಿಲ್ಲಿಸಿಯೂ ಬಳಸಬಹುದಾದ 4×6 ಇಂಚಿನ (ಅಷ್ಟು ದಪ್ಪ-ಅಗಲದ ಲೋಹ ಕೊಯ್ಯುವ) ಪುಟ್ಟ ಬ್ಯಾಂಡ್‌ಸಾಗೆ, ಅಂದರೆ ಎರಡು ಚಕ್ರದ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನ ಗರಗಸಕ್ಕೆ, ಬೇಕಾಗುವ ಬ್ಲೇಡಿನ ಅಳತೆ ಇದು: ಉದ್ದ 1638 ಮಿ.ಮೀ. (64½ ಇಂಚು), ಅಗಲ 13 ಮಿ.ಮೀ., ದಪ್ಪ 0.65 ಮಿ.ಮೀ. ಮಷೀನಿನ ಜೊತೆ ಸಾಮಾನ್ಯವಾಗಿ ಬರುವ ಕಾರ್ಬನ್ ಸ್ಟೀಲ್ ಬ್ಲೇಡನ್ನು ಗೈಡ್ (ಬ್ಲೇಡನ್ನು ನೇರ ಹಿಡಿಯುವ ಬೇರಿಂಗು) ಹೊಂದಿಸುವುದಕ್ಕೆ ಬಳಸಿ, ಅದು ಅಷ್ಟಕ್ಕೆ ಸಾಕು. ಕೆಲಸಕ್ಕೆ ಎಂ42 ಬೈಮೆಟಲ್ ಹಾಕಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಬೈಮೆಟಲ್‌ನಲ್ಲಿ ಬೆನ್ನು ಸ್ಪ್ರಿಂಗ್ ಸ್ಟೀಲ್. ಅದರ ಅಂಚಿಗೆ ಸುಮಾರು ಶೇ 8ರಷ್ಟು ಕೋಬಾಲ್ಟ್ ಇರುವ ಹೈ ಸ್ಪೀಡ್ ಸ್ಟೀಲ್ (ಎಂ42 ಎಂದರೆ ಇದೇ) ಬೆಸೆದು ಹಲ್ಲು ತೆಗೆದಿರುತ್ತಾರೆ. ಬೆನ್ನು ಬಾಗುತ್ತದೆ, ಹಲ್ಲು ಕಾದರೂ ಮೆತ್ತಗಾಗುವುದಿಲ್ಲ. ಪುಟ್ಟ ಮಷೀನುಗಳಲ್ಲಿ ಕೂಲಂಟ್ (ಬ್ಲೇಡನ್ನು ತಂಪಾಗಿಡುವ ದ್ರವ) ಪಂಪ್ ಇರುವುದು ಅಪರೂಪ, ಎಲ್ಲವೂ ಒಣ ಕಟಿಂಗೇ. ಹಾಗಾಗಿ ಈ ಗುಣಕ್ಕೆ ಇಲ್ಲಿ ದೊಡ್ಡ ಮಷೀನಿಗಿಂತ ಹೆಚ್ಚು ಬೆಲೆ. ಸ್ಟೇನ್‌ಲೆಸ್ ಸ್ಟೀಲ್ (ಎಸ್.ಎಸ್.) 304ರ ಒಂದೇ ರಾಡಿನಲ್ಲಿ ಕಾರ್ಬನ್ ಬ್ಲೇಡಿನ ಹಲ್ಲು ಬೋಳಾಗಬಹುದು.

‘ಇನ್ನೂ ಗಟ್ಟಿ ಇರಲಿ’ ಎಂದು 0.9 ಮಿ.ಮೀ. ದಪ್ಪದ್ದನ್ನು ವೆಲ್ಡ್ ಮಾಡಿಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಈ ಮಷೀನಿನ ಚಕ್ರ ಸುಮಾರು 185 ಮಿ.ಮೀ. ವ್ಯಾಸದ್ದು, ಜೊತೆಗೆ ಗೈಡುಗಳು ಬ್ಲೇಡನ್ನು ಸುಮಾರು 45 ಡಿಗ್ರಿ ತಿರುಚುತ್ತವೆ. ದಪ್ಪ ಬ್ಲೇಡು ಅಷ್ಟು ಸಣ್ಣ ಚಕ್ರದ ಮೇಲೆ ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತಾ ಹಲ್ಲಿನ ಬುಡದ ಕುಳಿಯಲ್ಲಿ ಬಿರುಕು ಬಿಡುತ್ತದೆ. ಹಲ್ಲು ಹರಿತವಾಗಿದ್ದಾಗಲೇ ತುಂಡಾದ ಬ್ಲೇಡು ಕಂಡರೆ ಮೊದಲು ದಪ್ಪ ಅಳೆದು ನೋಡಿ.

ಇನ್ನು ಹಲ್ಲಿನ ಲೆಕ್ಕ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ಅಂಗಡಿಯವರು ‘ಯಾವ ಲೋಹ?’ ಎಂದು ಕೇಳುತ್ತಾರೆ, ಕೇಳಬೇಕಾದ್ದು ‘ಎಷ್ಟು ದಪ್ಪ?’ ಎಂದು. ಯಾವ ಕ್ಷಣದಲ್ಲೂ ಕನಿಷ್ಠ ಮೂರು ಹಲ್ಲು ಲೋಹದೊಳಗಿರಬೇಕು. 14 ಟಿಪಿಐ (ಇಂಚಿಗೆ 14 ಹಲ್ಲು) ಎಂದರೆ ಹಲ್ಲಿಂದ ಹಲ್ಲಿಗೆ 1.8 ಮಿ.ಮೀ. 40×40×2ರ ಸ್ಕ್ವೇರ್ ಪೈಪಿನ ಪಕ್ಕದ ಗೋಡೆಗೆ ಬಂದಾಗ ಒಳಗಿರುವುದು ಒಂದೇ ಹಲ್ಲು. ಗೋಡೆಯ ಅಂಚು ಎರಡು ಹಲ್ಲಿನ ನಡುವಿನ ಕುಳಿಗೆ ಸಿಕ್ಕಿ ಹಲ್ಲನ್ನು ಮುರಿಯುತ್ತದೆ. 24 ಟಿಪಿಐ ಹಾಕಿದರೂ ಎರಡೇ ಹಲ್ಲು, ಆದ್ದರಿಂದ ಅಲ್ಲಿ ಬ್ಲೇಡು ಹೊತ್ತ ತೋಳಿನ ಭಾರ ಕಡಿಮೆ ಮಾಡಲೇಬೇಕು. ವಿ ಆಕಾರದ ಮರದ ತುಂಡು ಕೊಟ್ಟು ಪೈಪನ್ನು ಮೂಲೆ ಮೇಲಾಗಿ ಹಿಡಿದರೆ 2 ಮಿ.ಮೀ. ಗೋಡೆ ಓರೆಯಾಗಿ 2.8 ಮಿ.ಮೀ. ಆಗುತ್ತದೆ, ಬ್ಲೇಡಿಗೆ ಅದೇ ದೊಡ್ಡ ಉಪಕಾರ. ಆ್ಯಂಗಲ್ ಕೂಡ ಹಾಗೆಯೇ: ಬೆನ್ನು ಮೇಲೆ, ಎರಡೂ ಕಾಲು ಕೆಳಗೆ. ಮೂಲೆಯ ಮೇಲೆ ತೋಳನ್ನು ಕೈಯಲ್ಲಿ ಹಿಡಿದೇ ಇಳಿಸಿ, ಬೀಳಲು ಬಿಡಬೇಡಿ.

ಉಲ್ಟಾ ತಪ್ಪೂ ಇದೆ. 50 ಮಿ.ಮೀ. ಗಟ್ಟಿ ರಾಡಿಗೆ 24 ಟಿಪಿಐ ಹಾಕಿದರೆ ನಲವತ್ತೇಳು ಹಲ್ಲು ಒಟ್ಟಿಗೆ ಒಳಗಿರುತ್ತವೆ. ಪುಟ್ಟ ಕುಳಿಯಲ್ಲಿ ಚಿಪ್ಸ್ (ಕೊಯ್ದ ಲೋಹದ ಚೂರು) ತುಂಬಿ ಹಲ್ಲು ಕೊಯ್ಯುವ ಬದಲು ಉಜ್ಜುತ್ತದೆ, ಕಟ್ ಓರೆ ಹೋಗುತ್ತದೆ. ಇಂಥ ರಾಡೇ ಹೆಚ್ಚಿದ್ದರೆ 6/10 (ಇಂಚಿಗೆ 6ರಿಂದ 10, ಬೆರೆತ ಹಲ್ಲು) ತನ್ನಿ. ಎರಡೇ ಬ್ಲೇಡು ಇಡುವುದಾದರೆ: 12ರಿಂದ 40 ಮಿ.ಮೀ. ರಾಡು ಮತ್ತು 6 ಮಿ.ಮೀ. ಮೇಲಿನ ಆ್ಯಂಗಲ್‌ಗೆ 10/14, ತೆಳು ಪೈಪಿಗೆ 24. ಹತ್ತು-ಹದಿನಾಲ್ಕು ಬೆರೆತ ಹಲ್ಲಿನಿಂದ ಅದುರುವಿಕೆ ಮತ್ತು ಕಿರುಚಾಟ ಎರಡೂ ಕಡಿಮೆ.

ವೇಗಕ್ಕೆ ಬಂದರೆ, ಪುಲಿ ಮೇಲಿನ 80-120-200 ಅಡಿ ಎಂಬ ಪಟ್ಟಿ 60 ಹರ್ಟ್ಸ್ ಮೋಟಾರಿನದು. ನಮ್ಮ 50 ಹರ್ಟ್ಸ್‌ನಲ್ಲಿ ಅದು ನಿಮಿಷಕ್ಕೆ ಸರಿಸುಮಾರು 20, 30, 50 ಮೀಟರ್. ಸ್ಟೇನ್‌ಲೆಸ್‌ಗೆ ಮೊದಲನೆಯದು, ಮೈಲ್ಡ್ ಸ್ಟೀಲ್‌ಗೆ (ಎಂ.ಎಸ್., ಸಾಮಾನ್ಯ ಉಕ್ಕು) ನಡುವಿನದು, ಅಲ್ಯೂಮಿನಿಯಂ ಮತ್ತು ಹಿತ್ತಾಳೆಗೆ ಕೊನೆಯದು. ಸ್ಟೇನ್‌ಲೆಸ್‌ನಲ್ಲಿ ಮೃದುವಾಗಿ ಸವರಬೇಡಿ. ಹಲ್ಲು ಕಚ್ಚದೆ ಜಾರಿದರೆ ಮೇಲ್ಮೈ ಗಡುಸಾಗಿ ಮುಂದಿನ ಹಲ್ಲಿಗೂ ಜಾಗ ಕೊಡುವುದಿಲ್ಲ. ಅಲ್ಯೂಮಿನಿಯಂಗೆ ಬ್ಲೇಡಿಗೆ ಸ್ವಲ್ಪ ಮೇಣ ಹಚ್ಚಿ, ಎರಕದ ಕಬ್ಬಿಣಕ್ಕೆ ಏನೂ ಬೇಡ.

ಹೊಸ ಬ್ಲೇಡಿಗೆ ಮೊದಲ 10–15 ನಿಮಿಷ ವೇಗ ಅದೇ ಇರಲಿ, ತೋಳಿನ ಸ್ಪ್ರಿಂಗ್ ಬಿಗಿ ಮಾಡಿ ಭಾರ ಅರ್ಧಕ್ಕೆ ಇಳಿಸಿ. ಸೂಜಿಯಂಥ ಹಲ್ಲಿನ ತುದಿ ಆಗ ಮುರಿಯದೆ ನಯವಾಗಿ ಸವೆಯುತ್ತದೆ. ಆಮೇಲೆ ಚಿಪ್ಸ್ ನೋಡಿ ಭಾರ ಹೊಂದಿಸಿ: ಪುಡಿಯಾದರೆ ಭಾರ ಸಾಲದು, ನೀಲಿಗಟ್ಟಿದರೆ ಜಾಸ್ತಿ, ಸುರುಳಿ ಬಂದರೆ ಸರಿ. ಸುರುಳಿಯಾಗಿ ಬಂದ ಬ್ಲೇಡು ಒಳಮಗ್ಗಲು ಹೊರಗಾಗಿ ತಿರುಚಿಕೊಂಡಿರುವುದು ಸಾಮಾನ್ಯ, ಹಲ್ಲು ಬ್ಲೇಡು ಓಡುವ ದಿಕ್ಕಿಗೆ ಮುಖ ಮಾಡಿದೆಯೇ ನೋಡಿಯೇ ಹಾಕಿ.

ಕಟ್ ಓರೆಯಾದರೆ ಬ್ಲೇಡನ್ನು ಬೈಯುವ ಮೊದಲು ಟೆನ್ಶನ್ ಮತ್ತು ಗೈಡ್ ಪರೀಕ್ಷಿಸಿ. ಬೈಮೆಟಲ್‌ಗೆ ಕಾರ್ಬನ್‌ಗಿಂತ ಹೆಚ್ಚು ಬಿಗಿ ಬೇಕು, ಕೈಯಲ್ಲಿ ನಾಬ್ ಎಷ್ಟು ತಿರುಗುತ್ತದೋ ಅಷ್ಟು. ಗೈಡ್ ತೋಳುಗಳು ರಾಡಿನ ಎರಡೂ ಬದಿಗೆ 10 ಮಿ.ಮೀ. ಹತ್ತಿರ ಬರಲಿ. ಇಷ್ಟಾದರೂ ಒಂದೇ ಕಡೆ ಎಳೆಯುತ್ತಿದ್ದರೆ ಆ ಕಡೆಯ ಹಲ್ಲಿನ ಬಾಗು (ಹಲ್ಲನ್ನು ಎಡಬಲಕ್ಕೆ ಓರೆ ಮಾಡಿದ್ದು) ಉಳಿದು ಇನ್ನೊಂದು ಕಡೆಯದು ಸವೆದಿದೆ, ಬ್ಲೇಡಿನ ಆಯಸ್ಸು ಮುಗಿದಿದೆ.

ಕಟ್ ಅರ್ಧಕ್ಕೆ ಬಂದಾಗ ಬ್ಲೇಡು ಬದಲಿಸಬೇಕಾದರೆ ಹೊಸದನ್ನು ಹಳೆಯ ಗೀರಿಗೆ ಇಳಿಸಬೇಡಿ. ಸವೆದ ಬ್ಲೇಡು ಮಾಡಿದ ಗೀರು ಇಕ್ಕಟ್ಟು, ಹೊಸ ಹಲ್ಲು ಸಿಕ್ಕಿಕೊಳ್ಳುತ್ತದೆ. ರಾಡನ್ನು ತಿರುಗಿಸಿ ಎದುರಿನಿಂದ ಕೊಯ್ಯಿರಿ. ಹಲ್ಲು ಮುರಿದಿದ್ದರೆ ಚೂರು ಒಳಗೇ ಇರುತ್ತದೆ, ಅದನ್ನು ಕೆದಕಿ ತೆಗೆಯಿರಿ.

ರೋಲಿನಿಂದ ಕತ್ತರಿಸಿ ಬಟ್ ವೆಲ್ಡ್ (ತುದಿಗೆ ತುದಿ ಬೆಸುಗೆ) ಮಾಡಿಸಿಕೊಳ್ಳುವವರು ಬೆಸುಗೆಯನ್ನು ಎರಡೂ ಮುಖದಲ್ಲಿ ಬೆರಳಿನಿಂದ ಸವರಿ ನೋಡಿ. ಉಬ್ಬಿದ್ದರೆ ಗೈಡ್ ಬೇರಿಂಗಿನಲ್ಲಿ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ. ವೆಲ್ಡ್ ಆದ ಮೇಲೆ ಮತ್ತೆ ಕಾಯಿಸಿ ನಿಧಾನ ಆರಿಸದಿದ್ದರೆ ಬೆಸುಗೆಯ ಪಕ್ಕವೇ ಗಾಜಿನಂತೆ ತುಂಡಾಗುತ್ತದೆ. ಅಂಗಡಿಯಲ್ಲೇ ಬ್ಲೇಡನ್ನು ಬೆಸುಗೆಯ ಜಾಗದಲ್ಲಿ ಚಕ್ರದಷ್ಟು ಬಾಗಿಸಿ ತೋರಿಸಲು ಕೇಳಿ, ಬಾಗು ಒಂದೇ ಸಮನಾಗಿ ಬಂದರೆ ಮಾತ್ರ ದುಡ್ಡು ಕೊಡಿ.