ಮೂರು ಬಣ್ಣದ ಎಲ್‌ಇಡಿ ಬಲ್ಬು: 14 ತಿಂಗಳು ಉರಿಸಿದ ಮೇಲೆ

ಮಲಗುವ ಕೋಣೆಗೆ ಹಳದಿ ಬೆಳಕು ಬೇಕೆಂದು ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ 180 ರೂಪಾಯಿ ಕೊಟ್ಟು ಈ 9 ವ್ಯಾಟ್ ಬಲ್ಬು ತಂದೆ. ಸ್ವಿಚ್ಚು ಆರಿಸಿ ತಕ್ಷಣ ಹಾಕಿದರೆ ಬಣ್ಣ ಬದಲಾಗುತ್ತದೆ: ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಎರಡರ ನಡುವಿನದು. ತೊಂದರೆ ಇರುವುದು ಆ ‘ಮೊದಲು’ ಎಂಬುದರಲ್ಲಿ.

ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಇದಕ್ಕೆ ಹಿಂದಿನದೆಲ್ಲ ಮರೆತುಹೋಗುತ್ತದೆ, ಮತ್ತೆ ಬಿಳಿಯಿಂದಲೇ ಶುರು. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದವನ ಕಣ್ಣಿಗೆ 6500 ಕೆಲ್ವಿನ್‌ನ, ಅಂದರೆ ನೀಲಿ ಛಾಯೆಯ ಬಿಳಿ ಬೆಳಕು ರಾಚುತ್ತದೆ. ಈಗ ಕಣ್ಣು ಮುಚ್ಚಿಕೊಂಡೇ ಗೋಡೆ ತಡವಿ, ಟಕ್, ಟಕ್, ಟಕ್ ಎಂದು ಮೂರು ಸಲ ಒತ್ತಿ, ಆಮೇಲೆ ಕಣ್ಣು ಬಿಡುವುದನ್ನು ರೂಢಿಸಿಕೊಂಡಿದ್ದೇನೆ. ಕರೆಂಟ್ ಹೋದ ದಿನ ಇನ್ನೂ ಫಜೀತಿ. ಕತ್ತಲಲ್ಲಿ ಹಾಗೆಯೇ ಮಲಗಿಬಿಡುತ್ತೇವೆ, ಸ್ವಿಚ್ಚು ಯಾರಿಗೂ ನೆನಪಿರುವುದಿಲ್ಲ. ಒಂದೂವರೆಗೆ ಕರೆಂಟ್ ಬಂದರೆ ಮನೆಮಂದಿಯೆಲ್ಲ ಎದ್ದು ಕೂರುತ್ತೇವೆ.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಕರೆಂಟ್ ಕೈಕೊಡದ ದಿನ ಎಂಟೂವರೆಗೆ ಹಳದಿಗೆ ತಿರುಗಿಸಿದರೆ ಹತ್ತರೊಳಗೆ ಆಕಳಿಕೆ ಬರುತ್ತದೆ. ಮೊದಲು ಹನ್ನೊಂದಾದರೂ ಹೊರಳಾಡುತ್ತಿದ್ದೆ. ಸೇವಂತಿಗೆ ಬೆಳೆಯುವವನಾಗಿ ಇದು ನನಗೆ ಎಂದೋ ಹೊಳೆಯಬೇಕಿತ್ತು. ಗಿಡ ಎತ್ತರಕ್ಕೆ ಬರುವ ಮುಂಚೆ ಮೊಗ್ಗು ಕಟ್ಟದಿರಲೆಂದು ರಾತ್ರಿ ತೋಟದ ತುಂಬ ಬಲ್ಬು ಉರಿಸುತ್ತೇವೆ. ಇರುಳು ಚಿಕ್ಕದೆಂದು ಗಿಡ ಮೋಸಹೋಗುತ್ತದೆ. ನಮ್ಮ ಕಣ್ಣಿನಲ್ಲೂ ಹೊತ್ತು ಅಳೆಯುವ ಜೀವಕೋಶಗಳಿವೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ದರೆ ಅವು ಇನ್ನೂ ಹಗಲೆಂದು ಮಿದುಳಿಗೆ ಸುದ್ದಿ ಕಳಿಸುತ್ತವೆ, ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ತಡವಾಗುತ್ತದೆ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು. ಹಾಗೆಂದು ಹಳದಿಯ ಪ್ರಖರತೆಯೇನೂ ಕಡಿಮೆಯಿಲ್ಲ, ಅದೂ 9 ವ್ಯಾಟೇ; ರಟ್ಟಿನ ಮರೆ ಕಟ್ಟಿದ ಮೇಲೆಯೇ ಹಿತವಾಯಿತು. ಹಾಸಿಗೆಯಲ್ಲಿ ಮೊಬೈಲ್ ಹಿಡಿದುಕೊಳ್ಳುವವರು ಇದಕ್ಕೆ ದುಡ್ಡು ದಂಡ ಮಾಡಬೇಡಿ.

ಅಮ್ಮನಿಗೆ ಮಾತ್ರ ಇದು ‘ಕಾಮಾಲೆ ದೀಪ’. ಬೆಳಗಿನ ಮಾರುಕಟ್ಟೆಗೆ ಹೂ ವಿಂಗಡಿಸಲು ಕುಳಿತರೆ ಹಳದಿ ಸೇವಂತಿಗೆ ಯಾವುದು, ಬಿಳಿ ಯಾವುದು ತಿಳಿಯುವುದಿಲ್ಲ ಎಂದು ಗೊಣಗುತ್ತಾಳೆ. ಕಳೆದ ವಾರ ಬಲ್ಬನ್ನು ಬಿಚ್ಚಿಸಿ ಹೂ ತುಂಬುವ ಚಪ್ಪರಕ್ಕೆ ಹಾಕಿಸಿಕೊಂಡಳು. ಅಲ್ಲಿ ಒತ್ತಿದೊಡನೆ ಬಿಳಿ ಬರುತ್ತದೆ, ಯಾರ ತಕರಾರೂ ಇಲ್ಲ. ಕೋಣೆಗೆ ಹಳೆಯ ಕೆಂಪು ಜೀರೋ ಬಲ್ಬು ವಾಪಸು ಬಂದಿದೆ.

ಐದರಲ್ಲಿ ಮೂರು ನಕ್ಷತ್ರ. ಎರಡು ಅಮ್ಮ ಕೊಟ್ಟದ್ದು.